ಗುರಲಿಂಗಪ್ಪನ ಅಮೆರಿಕ ಪ್ರಸ್ಥಾನ

ಮನುಷ್ಯ ಹುಟ್ಟಿದ ದೇಶ ಬಿಟ್ಟು ಅಮೆರಿಕಕ್ಕೆ ಯಾಕೆ ಹೋಗುತ್ತಾನೆ? ಟೀವಿಯಲ್ಲಿ ಟೈ ಕಟ್ಟಿಕೊಂಡವರು ಸಾಲಾಗಿ ಕೂತು ಇದನ್ನೇ ಚರ್ಚೆ ಮಾಡುತ್ತಾರೆ. ಒಬ್ಬ ಡಾಲರ್ ಅನ್ನುತ್ತಾನೆ, ಇನ್ನೊಬ್ಬ ರಸ್ತೆ ಅನ್ನುತ್ತಾನೆ, ಮೂರನೆಯವನಿಗೆ ಬಾಯಿ ತೆರೆಯಲು ಯಾರೂ ಬಿಡುವುದಿಲ್ಲ. ಎಲ್ಲ ಬುರುಡೆ. ಸರಿಯಾದ ಉತ್ತರ ಸಿಕ್ಕಿದ್ದು ಮುಂಬಯಿಯ ಕುರ್ಲಾದ ನಮ್ಮ ಚಾಳಿನಲ್ಲಿ. ಅದನ್ನು ಕಂಡುಹಿಡಿದವನು ನಮ್ಮ ಎದುರು ಖೋಲಿಯ ಗುರಲಿಂಗಪ್ಪ. ಅವನ ಹತ್ತಿರ ಪಾಸ್‌ಪೋರ್ಟ್ ಇಲ್ಲ.

ನಾನು ಈಶ್ವರಪ್ಪ, ಆಯುಷ್ಯವೆಲ್ಲ ಬಸ್ಸಿನ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿ ಕೂತವನು. ಜನ ಎಲ್ಲಿಗೆ ಹೋಗುತ್ತಾರೆಂದು ಕೇಳುವುದೇ ನನ್ನ ಉದ್ಯೋಗವಾಗಿತ್ತು. ಯಾಕೆ ಹೋಗುತ್ತಾರೆಂದು ಕೇಳಿದವನಲ್ಲ. ಕೇಳಿದ್ದರೆ ಬಸ್ಸು ಡಿಪೋ ಬಿಟ್ಟು ಹೊರಡುತ್ತಿರಲಿಲ್ಲ.

ಯಾಕೆ ಎಂದು ಕೇಳುವ ಚಟ ಗುರಲಿಂಗಪ್ಪನದು. ಸಿಂದಗಿ ಕಡೆಯವನು, ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಮುಂಬಯಿಯ ಅರ್ಧ ಸಿಮೆಂಟು ತನ್ನ ತಲೆಯ ಮೇಲೆಯೇ ಹೋಗಿದೆ ಎನ್ನುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಬೇರೆ ಕಸುಬು ಹಿಡಿದ. ಬಿಕೆಸಿಯಲ್ಲಿ ಅಮೆರಿಕದ ವೀಸಾ ಕಚೇರಿ ಇದೆಯಲ್ಲ, ಅದರ ಒಳಗೆ ಚೀಲ, ಫೋನು ಒಯ್ಯಲು ಬಿಡುವುದಿಲ್ಲ. ಗುರಲಿಂಗಪ್ಪ ಆಚೆ ರಸ್ತೆಯ ಮರದ ಕೆಳಗೆ ಕೂತು, ಒಳಗೆ ಹೋಗುವವರ ಚೀಲ ಕಾಯುತ್ತಾನೆ. ಚಾಳಿನಲ್ಲಿ ಮಾತ್ರ ಈ ಸಂಗತಿಗೆ ಸ್ವಲ್ಪ ಇಸ್ತ್ರಿ ಹಾಕಿ, "ನಾ ಅಮೆರಿಕಾ ಆಫೀಸಿಗಿ ಹೋಗ್ತೀನ್ರಿ" ಎನ್ನುತ್ತಿದ್ದ. ಅಲ್ಲಿ ಏನು ಕೆಲಸವೆಂದು ಯಾರೂ ಕೇಳಿರಲಿಲ್ಲ. ಖರೇ ಹೇಳಬೇಕೆಂದರೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಹೆಂಡತಿ ಶಿವಕುಮಾರಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಸಂಜೆ ಬಂದು ಕೀಲಿ ತೆಗೆದು, ಬಾಗಿಲು ದೂಡಿ, "ನಾ ಬಂದೀನಿ!" ಎಂದು ಜೋರಾಗಿ ಹೇಳುತ್ತಿದ್ದ. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದಾನೆ ಅಂದುಕೊಂಡಿದ್ದೆವು. ಖಾಲಿ ಖೋಲಿಗೆ ಹೇಳುತ್ತಾನೆಂದು ಆಮೇಲೆ ತಿಳಿಯಿತು, ಅದೂ ರೂಢಿಯಾಯಿತು. ಆ ಕೂಗು ಕೇಳಿ ನನ್ನ ಹೆಂಡತಿ ನೀಲಾಬಾಯಿ ಅನ್ನಕ್ಕೆ ಇಡುತ್ತಿದ್ದಳು. ಗಡಿಯಾರ ನೋಡುವ ಕೆಲಸ ತಪ್ಪಿತು.

ಮರದ ಕೆಳಗೆ ಅವನು ಪ್ರತಿಯೊಬ್ಬ ಗಿರಾಕಿಯನ್ನೂ ಕೇಳುತ್ತಿದ್ದ: "ಅಮೆರಿಕಾಕ್ಕ ಯಾಕ ಹೊಂಟೀರ್ರೀ?" ಗಾಬರಿಯಲ್ಲಿರುವ ಜನ ಯಾರಿಗಾದರೂ ಏನಾದರೂ ಹೇಳಿಯೇ ಹೇಳುತ್ತಾರೆ. ಒಬ್ಬಳದು ಸೊಸೆಯ ಹೆರಿಗೆ. ಒಬ್ಬನದು ಮಕ್ಕಳ ಶಾಲೆ. ಒಬ್ಬ, ಅಲ್ಲಿ ಯಾರೂ ರಸ್ತೆಯಲ್ಲಿ ಉಗುಳುವುದಿಲ್ಲ ಎಂದು ಹೇಳಿ, ಅಲ್ಲೇ ಪಿಚಕ್ಕನೆ ಉಗುಳಿ ಒಳಗೆ ಹೋದನಂತೆ. ಇಂಥ ಬಂಗಾರದಂಥ ಸುದ್ದಿ ಹೊತ್ತುಕೊಂಡು ಬಂದು ಗುರಲಿಂಗಪ್ಪ ಗ್ಯಾಲರಿಯಲ್ಲಿ ಕೂತು, "ಇವತ್ತೊಬ್ಬಾಕಿ ಬಂದಿದ್ಲು ನೋಡ್ರಿ…" ಎಂದು ಶುರು ಮಾಡುತ್ತಿದ್ದ. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಸೀರಿಯಲ್ ಶುರುವಾಗುತ್ತಿತ್ತು.

ಹೀಗಿರುವಾಗ ಒಂದು ಮಳೆಯ ದಿನ ಜೋಗೇಶ್ವರಿಯ ದೇವಾನಂದ ಎಂಬವನು ಚಕ್ರದ ದೊಡ್ಡ ಸೂಟ್‌ಕೇಸು ಎಳೆದುಕೊಂಡು ವೀಸಾ ಕೇಳಲು ಬಂದ. ನಮ್ಮವನೇ, ಆದರೆ ಮುಂಬಯಿಯಲ್ಲಿ ಹುಟ್ಟಿದ ಕನ್ನಡ. ಬಾಟಲಿಗಳ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ ಇಟ್ಟವನು. ಅಮೆರಿಕ ಸುತ್ತಿ ನೋಡಲು ಹೊರಟವರು ವಾಪಸ್ ಬಂದೇ ಬರುತ್ತೇವೆಂದು ರುಜುವಾತು ತೋರಿಸಬೇಕೆಂದು ಯಾರೋ ಅವನಿಗೆ ಹೇಳಿದ್ದರು. ಪುಣ್ಯಾತ್ಮ ಮದುವೆಯ ಆಲ್ಬಂ, ತಾಯಿಯ ಫೋಟೋ, ಕಾರ್ಖಾನೆಯ ಲೈಟ್ ಬಿಲ್ಲು, ಕ್ರಿಕೆಟ್ಟಿನ ಕಪ್ಪು ಎಲ್ಲ ತುಂಬಿಕೊಂಡು ಬಂದಿದ್ದ. ಬಾಗಿಲಲ್ಲಿ ತಡೆದರು. ಸೂಟ್‌ಕೇಸನ್ನು ಗುರಲಿಂಗಪ್ಪನಿಗೆ ಒಪ್ಪಿಸಿ ಒಳಗೆ ಹೋದ. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಆ ಕಡೆ ಈ ಕಡೆ ನೋಡದೆ ರಿಕ್ಷಾ ಹತ್ತಿ ಹೋಗಿಯೇಬಿಟ್ಟ. "ಸಾಹೇಬ್ರ, ನಿಮ್ಮ ಬ್ಯಾಗ!" ಎಂದು ಗುರಲಿಂಗಪ್ಪ ಮಳೆಯಲ್ಲಿ ಓಡಿದ್ದು ವ್ಯರ್ಥವಾಯಿತು.

ಮಂದಿಯ ಬ್ಯಾಗನ್ನು ರಸ್ತೆಯಲ್ಲಿ ಬಿಡಲಾದೀತೇ? ಮನೆಗೆ ತಂದ. ಅವನ ಖೋಲಿಯ ಮಾಳಿಗೆಯ ತಗಡು ಸೋರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದು, "ನೀಲಕ್ಕಾ, ಈ ಬ್ಯಾಗ ನಿಮ್ಮ ಮನ್ಯಾಗ ಇರ್ಲಿ. ನಾಕ್ ದಿನದಾಗ ಒಯ್ತೀನಿ" ಎಂದು ಇಟ್ಟು ಹೋದ. ಅಷ್ಟೇ ಮಾತು.

ನೀಲಾಬಾಯಿ ಬ್ಯಾಗಿನ ಹಿಡಿಕೆಗೆ ಕಟ್ಟಿದ್ದ ಅಮೆರಿಕದ ಬಾವುಟದ ರಿಬ್ಬನ್ ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಇವತ್ತ ಗುರುವಾರ, ಪುಷ್ಯ ನಕ್ಷತ್ರ! ಅವ್ವಾ ನನ್ನವ್ವಾ, ಗುರಲಿಂಗಪ್ಪ ಪ್ರಸ್ಥಾನ ಇಟ್ಟಾನ್ರೀ!"

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮೊದಲೇ ಒಳ್ಳೆಯ ವೇಳೆ ನೋಡಿ ನಮ್ಮ ಗಂಟನ್ನು ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಗಂಟು ಹೊಸ್ತಿಲು ದಾಟಿದರೆ ಮನುಷ್ಯ ಹೊರಟ ಹಾಗೆಯೇ. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಇಟ್ಟ ಗಂಟು ತಿರುಗಿ ಮನೆ ಸೇರಬಾರದು.

"ಹೋಗಿ ಕೇಳಿದರಾಯ್ತಲ್ಲ, ಎಲ್ಲಿಗಿ ಅಂತ" ಎಂದೆ.

"ಬಾಯಿ ಮುಚ್ಚರಿ! ಹೊಂಟ ಮನಶ್ಯಾಗ ಎಲ್ಲಿಗಿ ಅಂತ ಕೇಳ್ತಾರೇನು? ಅಪಶಕುನ! ಇದೇನ್ ನಿಮ್ಮ ಬಸ್ ಅಂತ ತಿಳಿದೀರೇನು?"

ಹೀಗೆ ಒಂದೇ ಪ್ರಶ್ನೆಯಲ್ಲಿ ಮುಗಿಯಬೇಕಾದ ಪ್ರಕರಣ ಆ ಪ್ರಶ್ನೆಯನ್ನೇ ಕೇಳಬಾರದೆಂಬ ಕಾರಣಕ್ಕೆ ಬೆಳೆಯತೊಡಗಿತು.

ಮರುದಿನ ಬೆಳಿಗ್ಗೆ ನೀಲಾಬಾಯಿ ಅವನಿಗೆ ಶೇಂಗಾ ಹೋಳಿಗೆ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಧ್ಯಾಹ್ನಕ್ಕೆ ಕೊನೆಯ ಖೋಲಿಯ ದೌಲತಬಿ, ಹೊಸ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ತಂದು, "ಪಾತ್ರಿ ಹೊಸಾದು ಐತಿ ಭಾಯ್, ಮಡಿ ಗಿಡಿ ಏನ್ ವಿಚಾರ ಮಾಡಬ್ಯಾಡ. ಉಣ್ಣು" ಎಂದು ತಲೆ ಸವರಿದಳು. ದೌಲತಬಿ ಅದಕ್ಕೆ ಮೊದಲು ಅವನೊಡನೆ ಆಡಿದ್ದ ಮಾತೆಂದರೆ "ನಿನ್ನ ಬಕೀಟ ಸರಸು" ಎಂಬುದೊಂದೇ. ಗುರಲಿಂಗಪ್ಪ ಪಾಯಸ ಉಂಡ. ಆಮೇಲೆ ಯಾಕೋ ಸಂಶಯ ಬಂದು ತನ್ನ ನಾಡಿ ತಾನೇ ಹಿಡಿದು ನೋಡಿಕೊಂಡ. ನಡೆಯುತ್ತಿತ್ತು.

ಸಂಜೆ ಭೀಮರಾಯರು ಬಂದರು. ಅವರು ನಮ್ಮ ಚಾಳಿನ ಕನ್ನಡ ಸಂಘದ ಅಧ್ಯಕ್ಷರು. ಯಾವುದೋ ಕಚೇರಿಯ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದರೂ ಮಾತು ಇನ್ನೂ ನೌಕರಿಯಲ್ಲೇ ಇತ್ತು.

"ಗುರಲಿಂಗಪ್ಪಾ, ಎಲ್ಲಿಗಿ ಅಂತ ನಾ ಕೇಳಂಗಿಲ್ಲ. ಕೇಳಬಾರದು. ಆದರ ನಮ್ಮ ಸಂಘ ಸ್ಥಾಪನಾ ಆದಾಗಿನಿಂದ ಸದರಿ ಸಂಘದ ಒಬ್ಬ ಸದಸ್ಯನೂ ಸಮುದ್ರ ದಾಟಿಲ್ಲ. ನೀ ಅಮೆರಿಕಾ ಆಫೀಸಿನ್ಯಾಗ ಇದ್ದಕೊಂಡು ಕೆಲಸಾ ಮಾಡಿಕೊಂಡಿ. ಬರೂ ರವಿವಾರ ಬಿಟ್ಟು ಮುಂದಿನ ರವಿವಾರ ನಿನಗ ಸತ್ಕಾರ."

ಗುರಲಿಂಗಪ್ಪನಿಗೆ ಆಗ ಬೆಳಕಾಯಿತು. ಅಯ್ಯೋ, ಅದು ನನ್ನ ಬ್ಯಾಗಲ್ಲ ಎಂದು ಹೇಳಲು ಬಾಯಿ ತೆರೆದ. ನಾನು ಎದುರಿಗೇ ನಿಂತಿದ್ದೆ, ಕಂಡಿದ್ದೇನೆ. ನಾಲಿಗೆ ಮೇಲಕ್ಕೆ ಹೋಗಿತ್ತು.

"ಅಲ್ಲೀತನಕಾ ದಿನಾ ರಾತ್ರಿ ಒಂದೊಂದ ಮನ್ಯಾಗ ನಿಂದು ಊಟ" ಎಂದರು ಭೀಮರಾಯರು.

ಬಾಯಿ ಮುಚ್ಚಿಕೊಂಡಿತು. ಹೊಟ್ಟೆಬಾಕನೆಂದು ತಿಳಿಯಬೇಡಿ. ರೊಟ್ಟಿ ಬಡಿಯಲು ಅವನಿಗೆ ಬರುತ್ತಿತ್ತು. "ಇನ್ನೊಂದ ಹಾಕಿಸ್ಕೋ" ಎಂದು ತನಗೆ ತಾನೇ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಖರೇ ಹೇಳಿದರೆ ಆ ಮಾತು ಕಳೆದುಹೋಗುತ್ತಿತ್ತು.

ಆ ವಾರ ನಮ್ಮ ಚಾಳು ಕಂಡ ಗುರಲಿಂಗಪ್ಪನೇ ಬೇರೆ. ಹೋದ ಮನೆಯಲ್ಲೆಲ್ಲ ಟೀವಿ ಬಂದ್ ಮಾಡಿ ಅವನ ಮಾತು ಕೇಳಿದರು. ಅವನೋ, ಇಷ್ಟು ವರ್ಷ ತುಂಬಿಟ್ಟಿದ್ದ ಸುದ್ದಿಯನ್ನೆಲ್ಲ ಮೊಗೆಮೊಗೆದು ಹಾಕಿದ. ಉಗುಳಿ ಒಳಗೆ ಹೋದವನ ಕಥೆಗೆ ದೌಲತಬಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ನಳದ ಸಾಲಿನಲ್ಲಿ ಅವನ ಬಕೀಟನ್ನು ಜನ ತಾವಾಗಿಯೇ ಮುಂದೆ ಇಟ್ಟರು. ಕುರ್ಲಾದಲ್ಲಿ ಇದಕ್ಕಿಂತ ದೊಡ್ಡ ಸತ್ಕಾರ ಇಲ್ಲ.

ಒಂದೇ ತೊಂದರೆ. ಎಲ್ಲಿಗೆ ಎಂದು ಕೇಳಬಾರದು, ಆದರೆ ಯಾಕೆ ಎಂದು ಕೇಳಲು ಅಡ್ಡಿಯಿಲ್ಲವೆಂದು ನೀಲಾಬಾಯಿಯೇ ತೀರ್ಪು ಕೊಟ್ಟಿದ್ದಳು. ಎಲ್ಲರೂ ಕೇಳಿದರು. ಯಾಕೆ ಹೋಗುತ್ತೇನೆಂಬ ಸ್ವಂತ ಉತ್ತರ ಗುರಲಿಂಗಪ್ಪನಿಗೆ ಎಲ್ಲಿಂದ ಬರಬೇಕು? ಗಿರಾಕಿಗಳ ಉತ್ತರವನ್ನೇ ಒಂದೊಂದು ಮನೆಯಲ್ಲಿ ಒಂದೊಂದರಂತೆ ಹಂಚಿದ. ನಮ್ಮ ಮನೆಯಲ್ಲಿ, "ಮಕ್ಕಳ ಸಾಲಿ ಸಲುವಾಗಿ" ಎಂದ. ದೌಲತಬಿಯ ಮನೆಯಲ್ಲಿ, "ಸೊಸಿ ಹೆರಿಗಿ ಐತಿ" ಎಂದ. ಭೀಮರಾಯರ ಮನೆಯಲ್ಲಿ, "ಹೆಂಡತಿ ಅಲ್ಲೇ ಅದಾಳ್ರಿ, ಎಷ್ಟ ದಿನಾ ಅಂತ ಅಗಲಿ ಇರೂದು" ಎಂದುಬಿಟ್ಟ. ಹೊರಟವನಿಗೆ ಎದುರು ಮಾತಾಡಬಾರದೆಂದು ಕೇಳಿದವರೆಲ್ಲ ಆಗ ತಲೆಯಾಡಿಸಿದರು.

ಈ ಮೂರೂ ಉತ್ತರಗಳು ಸತ್ಕಾರದ ಹಿಂದಿನ ದಿನ ಬೆಳಿಗ್ಗೆ ನಳದ ಹತ್ತಿರ ಒಂದಕ್ಕೊಂದು ಭೇಟಿಯಾದವು.

ನೀಲಾಬಾಯಿ ಕೊಡ ಅಲ್ಲೇ ಬಿಟ್ಟು ಬಂದಳು. "ಹೆಂಡತಿ ಅಂತ, ಮಕ್ಕಳಂತ, ಬಸರಿ ಸೊಸಿ ಅಂತ! ಶಿವಕುಮಾರಿ ಬದಕಿದ್ದಾಗಿಂದ್ಲೂ ಇವಾ ಅಮೆರಿಕಾದಾಗ ಇನ್ನೊಂದ ಸಂಸಾರ ಇಟ್ಟಾನ್ರೀ!"

"ಅವನು ಲೋಕಲ್ ಹತ್ತಿ ಥಾಣೆ ದಾಟಿ ಹೋದದ್ದೇ ನಾನು ಕಂಡಿಲ್ಲ" ಎಂದೆ.

"ಕಾಣ್ಲಾರದಂಗ ಇಟ್ಟಾನಂತನ ನಾ ಹೇಳೂದು!"

ತರ್ಕದಲ್ಲಿ ಎಲ್ಲೂ ಸಂದಿ ಇರಲಿಲ್ಲ. ಆದರೂ ಸತ್ಕಾರ ನಿಲ್ಲಲಿಲ್ಲ. ತಪ್ಪು ಮಾಡಿದವನೇ ಇರಲಿ, ಹೊರಟು ನಿಂತವನು. ಒಳ್ಳೆಯ ಮಾತಾಡಿ ಕಳಿಸಬೇಕು ಎಂದು ಹೆಂಗಸರೆಲ್ಲ ಉದಾರವಾಗಿ ಕ್ಷಮಿಸಿದರು.

ರವಿವಾರ ಅಂಗಳದಲ್ಲಿ ತಾಡಪತ್ರಿ ಕಟ್ಟಿ ಕುರ್ಚಿ ಹಾಕಿದರು. ಒಂದು ಕುರ್ಚಿಯಲ್ಲಿ ಶಾಲು ಹೊದ್ದ ಗುರಲಿಂಗಪ್ಪ, ಪಕ್ಕದ ಕುರ್ಚಿಯಲ್ಲಿ ಕುಂಕುಮ ಹಚ್ಚಿ ಹಾರ ಹಾಕಿದ ಸೂಟ್‌ಕೇಸು. ಇಬ್ಬರಲ್ಲಿ ಸೂಟ್‌ಕೇಸೇ ಧೈರ್ಯವಾಗಿ ಕಾಣುತ್ತಿತ್ತು. ಭೀಮರಾಯರು ಮೈಕು ಹಿಡಿದು, "ಸದರಿ ಗುರಲಿಂಗಪ್ಪನವರು ಮೇಲ್ಕಾಣಿಸಿದ ದೇಶಕ್ಕೆ…" ಎಂದು ಶುರು ಮಾಡಿದರು. ದೇಶದ ಹೆಸರು ಹೇಳಬಾರದೆಂದು ಆಕಾಶದ ಕಡೆ ಬೆರಳು ತೋರಿಸಿದರು.

ಅದೇ ಹೊತ್ತಿಗೆ ಅಂಗಳದ ಬಾಗಿಲಲ್ಲಿ ಒಬ್ಬ ಕೊಡೆ ಮಡಚುತ್ತ ನಿಂತ. ದೇವಾನಂದ. ಬಿಕೆಸಿಯ ಚಹಾದವನನ್ನು ಕೇಳಿ ಕೇಳಿ ಪತ್ತೆ ಹಚ್ಚಿಕೊಂಡು ಬಂದಿದ್ದ.

"ಅರೇ ಅಂಕಲ್! ಕಿತೀ, ಎಷ್ಟ ಹುಡಕಿದ್ನಿ ನಿಮಗ! ಇಲ್ಲೇ ಅದೀರಿ ತುಮ್ಹೀ!"

ನೀಲಾಬಾಯಿ ನನ್ನ ತೋಳು ಚಿವುಟಿದಳು. "ಬಂದ ನೋಡ್ರಿ ಮಗಾ! ಕರಕೊಂಡ ಹೋಗಾಕ ಬಂದಾನ!"

"ಮೂಗ ನೋಡ್ರೀ, ಹೂಬಹೂ ಅದೇ ಮೂಗ!" ಎಂದಳು ದೌಲತಬಿ.

ಭೀಮರಾಯರು ಎಂದೂ ಸಿದ್ಧ ಮನುಷ್ಯ. ಸೂಟ್‌ಕೇಸಿನ ಹಾರ ತೆಗೆದು ದೇವಾನಂದನಿಗೆ ಹಾಕಿ, "ಸಾಗರದಾಚೆಯಿಂದ ತಂದೆಯನ್ನು ಕರೆದೊಯ್ಯಲು ಬಂದ ಸುಪುತ್ರ!" ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು.

"ಯಾರ್ ತಂದೆ? ನಮ್ಮ ಪಪ್ಪಾ ಜೋಗೇಶ್ವರಿದಾಗ ಅದಾರ. ಊಟಕ್ಕ ನನ್ನ ದಾರಿ ನೋಡ್ಲಿಕತ್ತಾರ. ನನ್ನ ಬ್ಯಾಗ್ ಕೊಡ್ರಿ, ಬಸ್!" ಎಂದ ದೇವಾನಂದ.

ನಂಬದ ಜನರ ಮುಂದೆ ಅವನು ಬ್ಯಾಗಿನ ನಂಬರ್ ಲಾಕ್ ತೆಗೆದು ತೋರಿಸಬೇಕಾಯಿತು. ಮದುವೆಯ ಆಲ್ಬಂ ಬಂತು, ತಾಯಿಯ ಫೋಟೋ ಬಂತು, ಲೈಟ್ ಬಿಲ್ಲು ಬಂತು, ಕಪ್ಪು ಬಂತು. ಒಂದು ಚಡ್ಡಿ ಬನಿಯನ್ ಇರಲಿಲ್ಲ. ಇಂಥ ಬ್ಯಾಗು ತೆಗೆದುಕೊಂಡು ಯಾರೂ ಅಮೆರಿಕಕ್ಕೆ ಹೋಗುವುದಿಲ್ಲವೆಂದು ದೌಲತಬಿಗೂ ತಿಳಿಯಿತು.

"ಒಳಗ ಕಿಟಕಿದಾಗ ಮೇಡಂ ಕೇಳಿದ್ಲು, ವಾಪಸ್ ಯಾಕ ಬರ್ತಿ, ಇಲ್ಲಿ ನಿನಗ ಯಾರ್ ಅದಾರ ಅಂತ" ಎಂದ ದೇವಾನಂದ, ಆಲ್ಬಮ್ಮಿನ ಮೇಲೆ ಬಿದ್ದ ಹನಿ ಒರೆಸುತ್ತ. "ನನಗ ಎಲ್ಲಾರೂ ಅದಾರ. ಆದರ ಟೈಮಿಗೆ ಬಾಯಿನ ಬರ್ಲಿಲ್ಲ, ವೀಸಾನೂ ಸಿಗ್ಲಿಲ್ಲ. ಸಬ್ ಪ್ರೂಫ್ ಈ ಅಂಕಲ್ ಕಡಿ ಇತ್ತು." ಗುರಲಿಂಗಪ್ಪನ ಕೈ ಹಿಡಿದು ಕುಲುಕಿ, ಹಾರವನ್ನು ಕುರ್ಚಿಗೆ ಹಾಕಿ, ತನ್ನ ಬ್ಯಾಗು ಎಳೆದುಕೊಂಡು ಅವನು ಹೊರಟುಹೋದ. ಅವನ ತಂದೆ ಊಟಕ್ಕೆ ಕಾಯುತ್ತಿದ್ದರು.

ಚಾಳೆಲ್ಲ ಗುರಲಿಂಗಪ್ಪನ ಕಡೆ ತಿರುಗಿತು. ಅವನು ಶಾಲನ್ನು ನೀಟಾಗಿ ಮಡಚಿ ಭೀಮರಾಯರ ಕೈಗೆ ಕೊಟ್ಟ. ಭೀಮರಾಯರು ಬೇಡ ಎನ್ನಲಿಲ್ಲ. ಸಂಘಕ್ಕೆ ಇರುವುದು ಅದೊಂದೇ ಶಾಲು.

"ಯಾಕೋ ತಮ್ಮಾ ಹಿಂಗ ಮಾಡ್ದಿ?" ನೀಲಾಬಾಯಿ ಮುಂದೆ ಬಂದಳು. "ಒಂದ ಮಾತ ಹೇಳಬಾರದಾಗಿತ್ತೇನು?"

"ನೀವ್ಯಾರೂ ಕೇಳ್ಲಿಲ್ಲಲ್ಲಕ್ಕಾ."

ಅದು ಖರೇ ಇತ್ತು. ಗುರಲಿಂಗಪ್ಪ ಎದ್ದು ನಿಂತ. ಮೈಕಿನ ಹತ್ತಿರ ಹೋಗಲಿಲ್ಲ. ಆದರೂ ಅಂಗಳದ ಕೊನೆಯವರೆಗೂ ಕೇಳಿಸಿತು.

"ಮಂದಿ ಅಮೆರಿಕಾಕ್ಕ ಯಾಕ ಹೋಗ್ತಾರ ಅಂತ ಇಷ್ಟ ವರ್ಸ ಎಲ್ಲಾರ್ನೂ ಕೇಳ್ಕೋತ ಕುಂತಿದ್ನಿ. ಯಾರ್ ಹೇಳಿದ್ದೂ ನನ್ನ ಮನಸಿಗಿ ಪಟಾಸಲಿಲ್ಲ. ಈ ವಾರ ತಿಳೀತು. ಹೋಗಾಂವಗ ಎಲ್ಲಾರೂ ಊಟಕ್ಕ ಕರೀತಾರ್ರೀ. ಬಾ ಅಂತಾರ, ಕೂಡು ಅಂತಾರ, ಇನ್ನೊಂದ ಹಾಕಿಸ್ಕೋ ಅಂತಾರ. ಇಲ್ಲೇ ಇರಾಂವಗ ಯಾರೂ ಕೇಳಂಗಿಲ್ಲ. ನಾ ಇಲ್ಲೇ ಅದೀನಿ. ಎಷ್ಟ ವರ್ಸಾತು, ಇಲ್ಲೇ ಅದೀನಿ. ಗುರಲಿಂಗಪ್ಪಾ, ಉಂಡೀ ಏನಪಾ ಅಂತ ಒಬ್ಬರ ಕೇಳೀರೇನು?"

ಭೀಮರಾಯರ ಕೈಯಲ್ಲಿದ್ದ ಮೈಕು ಒಮ್ಮೆ ಕುಂಯ್ ಎಂದಿತು.

ನೀಲಾಬಾಯಿ ಮೂಗು ಒರೆಸಿಕೊಂಡಳು. ದುಃಖವಾದರೂ ಪದ್ಧತಿ ಬಿಡುವವಳಲ್ಲ. "ಬ್ಯಾಗ ಯಾರದರ ಇರ್ಲಿ, ನಿನ್ನ ಹೆಸರಿಲೆ ಪೂಜಿ ಆಗೇತಿ. ಹೊಂಟಾಂವ ಹೊರಡ್ಲಿಲ್ಲಂದ್ರ ಚಾಳಿಗೇ ಒಳ್ಳೇದಲ್ಲ. ಹೊಸ್ತಲಾ ದಾಟಿ ಹೋಗಿ ಬಾ."

"ಎಲ್ಲಿಗಿ ಹೋಗ್ಲಕ್ಕಾ?" ಎಂದ ಗುರಲಿಂಗಪ್ಪ.

ಈ ಪ್ರಶ್ನೆಯನ್ನು ಹೊರಟವನೇ ಕೇಳಿದರೆ ಶಕುನವೋ ಅಪಶಕುನವೋ ನೀಲಾಬಾಯಿಗೂ ಗೊತ್ತಿರಲಿಲ್ಲ. "ಘಾಟ್ಕೋಪರಕ್ಕರ ಹೋಗಿ ಬಾ" ಎಂದಳು. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಟ್ಟಳು.

ಯಾರೂ ಕಳಿಸಲು ಸ್ಟೇಷನ್ನಿಗೆ ಹೋಗಲಿಲ್ಲ. ಎರಡೇ ಸ್ಟೇಷನ್ ಆಚೆಯ ಘಾಟ್ಕೋಪರಿಗೆ ಹೋಗುವವನನ್ನು ಯಾರು ಕಳಿಸಲು ಹೋಗುತ್ತಾರೆ? ಲೋಕಲ್ ಹಿಡಿದು ಹೋದನಂತೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದನಂತೆ. ಪಕ್ಕದವನಿಗೆ ಅರ್ಧ ರೊಟ್ಟಿ ಮುರಿದು ಕೊಡಲು ಹೋದರೆ ಅವನು ಹೆದರಿ ಎದ್ದು ಮುಂದಿನ ಬೆಂಚಿನ ಕಡೆ ನಡೆದನಂತೆ. ಮೇಲೆ ಮೆಟ್ರೋಕ್ಕೆ ಹೋಗುವವರನ್ನು, ಕೆಳಗೆ ಬರುವವರನ್ನು ನೋಡುತ್ತ ಕೂತು, ಹೊತ್ತು ಮುಳುಗಿದ ಮೇಲೆ ತಿರುಗಿ ಬಂದ. ನಾವು ಕದ ಎಳೆದುಕೊಂಡಿದ್ದೆವು. ಕೀಲಿಯ ಸಪ್ಪಳ ಕೇಳಿಸಿತು. "ನಾ ಬಂದೀನಿ" ಎಂದ. ಮೊದಲಿನಷ್ಟು ಜೋರಾಗಿ ಅಲ್ಲ.

ಆಮೇಲೆ ಕೆಲವು ದಿನ ಎಲ್ಲರೂ ಅವನನ್ನು ಕಂಡಾಗಲೆಲ್ಲ "ಊಟಾ ಆತೇನಪಾ?" ಎಂದರು. ಎನ್ನುತ್ತ ಮುಂದೆ ಹೋದರು. ಅವನು ಉತ್ತರ ಕೊಡುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಿರುತ್ತಿದ್ದರು. ಬಕೀಟು ಮತ್ತೆ ಸಾಲಿನ ಕೊನೆಗೆ ಬಂತು. ಸೀರಿಯಲ್ಲಿನಲ್ಲಿ ಯಾರಿಗೋ ನೆನಪು ಹೋಗಿತ್ತು, ಅದು ತಿರುಗಿ ಬರುವವರೆಗೆ ಚಾಳಿಗೆ ಪುರಸೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸಂಜೆ "ನಾ ಬಂದೀನಿ" ಕೇಳಿಸಿತು, ನೀಲಾಬಾಯಿ ಅನ್ನಕ್ಕೆ ಇಟ್ಟಳು. ಸ್ವಲ್ಪ ಹೊತ್ತಿಗೆ ಗುರಲಿಂಗಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದ. ಸ್ನಾನ ಮಾಡಿ ಹಣೆಗೆ ಇಬತ್ತಿ ಹಚ್ಚಿಕೊಂಡಿದ್ದ. ಕೈಯಲ್ಲಿ ಶಿವಕುಮಾರಿಯ ಹಳೆಯ ಹೂವಿನ ಬಟ್ಟೆಯ ಚೀಲ. ಮದುವೆಯಾಗಿ ಅವಳು ಊರಿಂದ ಬಂದಾಗ ಕಂಕುಳಲ್ಲಿ ಇದ್ದದ್ದು ಅದೇ ಎಂದು ನೀಲಾಬಾಯಿಗೆ ನೆನಪಿತ್ತು.

"ನೀಲಕ್ಕಾ," ಎಂದ, ನೆಲ ನೋಡುತ್ತ. "ಈ ಚೀಲ ನಿಮ್ಮ ಮನ್ಯಾಗ ಇರ್ಲಿ."

ನೀಲಾಬಾಯಿ ಎರಡೂ ಕೈಯಿಂದ ತೆಗೆದುಕೊಂಡಳು. ಭಾರವಿದ್ದೀತೆಂದು ಎತ್ತಿದ ಕೈ ಸುಮ್ಮನೆ ಮೇಲಕ್ಕೆ ಬಂತು. ಚೀಲ ಖಾಲಿ ಇತ್ತು.

ಹಾಳು ಕಂಡಕ್ಟರನ ಬಾಯಿ. "ಎಲ್ಲಿ…" ಎಂದುಬಿಟ್ಟೆ.

ನೀಲಾಬಾಯಿ ನನ್ನನ್ನು ನೋಡಿದ ರೀತಿಗೆ ಉಳಿದ ಅಕ್ಷರ ಗಂಟಲಲ್ಲೇ ಉಳಿಯಿತು. ಅವಳು ಚೀಲವನ್ನು ಒಯ್ದು ದೇವರ ಗೂಡಿನ ಕೆಳಗೆ ಇಟ್ಟಳು. ಟೀವಿ ಬಂದ್ ಮಾಡಿದಳು. ತಾಟು ಹಾಕಿದಳು.

"ಬಾ ತಮ್ಮಾ, ಕೂಡು" ಎಂದಳು. "ಇವತ್ತ ಯಾರ್ ಬಂದಿದ್ರು ಆಫೀಸಿಗಿ, ಹೇಳು."

ಅವನು ಕೂತು ಹೇಳತೊಡಗಿದ. ಅವಳು ಕೇಳುತ್ತ ಕೇಳುತ್ತ ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಸಾಕು ಸಾಕು ಎಂದು ಅವನು ಕೈ ಅಡ್ಡ ಹಿಡಿದ.

"ಇರ್ಲಿ, ಇನ್ನೊಂದ ಹಾಕಿಸ್ಕೋ," ಎಂದಳು ನೀಲಾಬಾಯಿ. "ದೂರ ಹೋಗಾಂವ ಅದಿ."